ಪಠ್ಯದಲ್ಲಿ ಇಲ್ಲ

ವಿಶ್ವವಿದ್ಯಾಲಯದ ಹಿಂದಿನ ಗೇಟಿನ ಎದುರು, ಜೆರಾಕ್ಸ್ ಅಂಗಡಿಗೂ ಬೈಂಡಿಂಗ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಟೈಪಿಂಗ್ ಕೋಣೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ಕಳೆದಿದ್ದಾಳೆ. ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಅವಳನ್ನು ಕರೆಯುವುದು ಟಿಕ್ಕಕ್ಕ ಎಂದು. ಪ್ರಬಂಧದ ಕೊನೆಯಲ್ಲಿ ಬರುವ ಗ್ರಂಥಋಣವನ್ನು, ಅಂದರೆ ಯಾವ ಪುಸ್ತಕದಿಂದ, ಯಾರ ಬಾಯಿಂದ ಏನನ್ನು ಪಡೆದೆವು ಎಂಬ ಪಟ್ಟಿಯನ್ನು ಸರಿಮಾಡುವುದು ಅವಳ ಕೆಲಸ. ಎಡಗಡೆ ಪ್ರಬಂಧ, ಬಲಗಡೆ ಪಟ್ಟಿ. ಒಳಗೆ ಒಂದು ಹೆಸರು ಕಂಡರೆ ಪಟ್ಟಿಯಲ್ಲಿ ಕೆಂಪು ಪೆನ್ಸಿಲಿನ ಒಂದು ಟಿಕ್ಕು. ಕೊನೆಗೆ ಟಿಕ್ಕು ಬೀಳದೆ ಉಳಿದ ಹೆಸರುಗಳ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಎರಡೇ ಪದ: ‘ಪಠ್ಯದಲ್ಲಿ ಇಲ್ಲ’. ಮುಟ್ಟಿಯೂ ನೋಡದ ಪುಸ್ತಕಗಳನ್ನು ತುರುಕಿ ಪಟ್ಟಿ ಉದ್ದ ಮಾಡುವ ಜಾಣರಿಗೆ ಆ ಕೆಂಪು ಪೆನ್ಸಿಲ್ ಕಂಡರೆ ಆಗುತ್ತಿರಲಿಲ್ಲ.

“ಅಕ್ಕಾ, ಇದೊಂದು ಬಿಟ್ಬಿಡಿ. ನಮ್ಮ ಗೈಡ್ ಬರೆದ ಪುಸ್ತಕ” ಎಂದು ಯಾರಾದರೂ ಹಲ್ಲು ಕಿರಿದರೆ, “ಅಷ್ಟು ಭಕ್ತಿ ಇದ್ರೆ ಓದ್ಕೊಂಡು ಬನ್ನಿ. ಇಲ್ಲಿ ಬಿಟ್ಟಿ ಸೀಟು ಇಲ್ಲ” ಎನ್ನುವಳು.

ಅವಳು ಓದಿದ್ದು ಹತ್ತನೇ ತರಗತಿಯವರೆಗೆ. ಆಮೇಲೆ ಅಮ್ಮನ ಜೊತೆ ಕೂತು ಅಂಗಿಗಳಿಗೆ ಕಾಜಾ ಹಾಕಿದಳು. ಓದಿದ್ದು ತಂಗಿ. ಆ ತಂಗಿ ಹೊಲಿಗೆಯನ್ನು ಮನೆಗೆ ತಂದುಕೊಂಡು ಮಾಡುವ ಹೆಂಗಸರ ಮೇಲೆಯೇ ಸಂಶೋಧನೆಗೆ ಇಳಿದಳು. ಆರು ವರ್ಷ ಮನೆಮನೆ ತಿರುಗಿ, ಅವರ ಮಾತನ್ನು ಹನ್ನೊಂದು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಳು. “ನಿನ್ನ ಪಟ್ಟಿ ಮಾತ್ರ ನಾನೇ ಮಾಡೋದು. ಒಂದು ಟಿಕ್ಕು ತಪ್ಪಿದ್ರೂ ಕಿವಿ ಹಿಂಡ್ತೀನಿ” ಎಂದು ಅಕ್ಕ ಹೇಳಿಟ್ಟಿದ್ದಳು. ಬರೆಯಲು ಕೂರುವ ಹೊತ್ತಿಗೆ ತಂಗಿಗೆ ಕಾಯಿಲೆ ಬಂತು. ನಾಲ್ಕೇ ತಿಂಗಳು. ಎಲ್ಲ ಮುಗಿದುಹೋಯಿತು.

ಹದಿನೈದು ದಿನಕ್ಕೆ ತಂಗಿಯ ಗೈಡ್ ಆಗಿದ್ದ ಪ್ರೊಫೆಸರ್ ಮನೆಗೆ ಬಂದರು. ಚಹಾ ಕುಡಿದರು, ಕಣ್ಣು ಒರೆಸಿಕೊಂಡರು. “ಅವಳ ಕೆಲಸ ಮಣ್ಣುಪಾಲಾಗೋಕೆ ನಾನು ಬಿಡಲ್ಲಮ್ಮ. ಅವಳ ಹೆಸರಲ್ಲೇ ಪುಸ್ತಕ ತರ್ತೀನಿ” ಎಂದು ಅಮ್ಮನ ಕೈ ಹಿಡಿದು ಹೇಳಿದರು. ಹನ್ನೊಂದು ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿ, ಅವರ ಕಾರಿನ ತನಕ ಹೊತ್ತು ಇಟ್ಟುಬಂದವಳು ಟಿಕ್ಕಕ್ಕನೇ. ಊರವರ ಸಾಲುಸಾಲಿಗೂ ಆಧಾರ ಕೇಳಿದವಳು ಅವತ್ತು ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇದ್ದೂ ಒಂದು ಹಾಳೆಯ ಪ್ರತಿ ತೆಗೆಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ನಾಲ್ಕು ವರ್ಷದ ಮೇಲೆ ಆ ಪುಸ್ತಕದ ಹಸ್ತಪ್ರತಿ ಪಟ್ಟಿ ಸರಿಮಾಡಿಸಲು ಅವಳ ಮೇಜಿಗೇ ಬಂತು. ಮುಖಪುಟದಲ್ಲಿ ಪ್ರೊಫೆಸರ್ ಹೆಸರು. ತಂಗಿಯ ಹೆಸರು ಒಳಗಿರಬಹುದು ಎಂದುಕೊಂಡು ಅವಳು ಟಿಕ್ಕು ಹಾಕುತ್ತಾ ಹೋದಳು. ನೂರ ಹದಿಮೂರನೇ ಪುಟದಲ್ಲಿ ಪೆನ್ಸಿಲ್ ನಿಂತಿತು.

‘ದೊಡ್ಡವಳನ್ನು ಓದು ಬಿಡಿಸಿ ಕಾಜಾ ಹಾಕಲು ಕೂರಿಸಿದೆ. ಅವಳು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.’

ಪಟ್ಟಿಯಲ್ಲಿ ಅದಕ್ಕೆ ಆಧಾರ ಹೀಗಿತ್ತು: ‘ಹೊಲಿಗೆ ಕೆಲಸದ ಮಹಿಳೆ, ವಯಸ್ಸು ೬೧. ಲೇಖಕರು ನಡೆಸಿದ ಸಂದರ್ಶನ.’

ಅಮ್ಮನ ಮಾತು. ಒಂದೇ ಸೂರಿನ ಕೆಳಗೆ ಇದ್ದೂ ಅಮ್ಮ ಅವಳಿಗೆ ಯಾವತ್ತೂ ಹೇಳದ, ಚಿಕ್ಕ ಮಗಳ ನೋಟ್‌ಬುಕ್ಕಿಗೆ ಮಾತ್ರ ಹೇಳಿಕೊಂಡ ಮಾತು. ಅದನ್ನು ಅವಳು ಇನ್ನೊಬ್ಬರ ಹೆಸರಿನ ಪುಸ್ತಕದಲ್ಲಿ ಓದಬೇಕಾಯಿತು. ಹಸ್ತಪ್ರತಿ ಒದ್ದೆಯಾಗಬಾರದೆಂದು ಅದನ್ನು ದೂರ ಸರಿಸಿ, ಅವಳು ಅತ್ತಳು.

ಕೊನೆಯ ಪುಟದವರೆಗೆ ಹುಡುಕಿದರೂ ತಂಗಿಯ ಹೆಸರು ಎಲ್ಲೂ ಸಿಗಲಿಲ್ಲ. ಮರುದಿನ ಪ್ರೊಫೆಸರ್ ಕೋಣೆಯಲ್ಲಿ ನಿಂತಳು. ಕೂರಿ ಎಂದು ಅವರು ಹೇಳಿದರೂ ಕೂರಲಿಲ್ಲ.

“ನೀವು ನಮ್ಮನೆಗೆ ಬಂದಿದ್ದು ಒಂದೇ ಸಲ ಸಾರ್. ಅವತ್ತು ಅಮ್ಮ ಮಾತೇ ಆಡ್ಲಿಲ್ಲ. ಸಂದರ್ಶನ ಯಾವಾಗ ಮಾಡಿದ್ರಿ?”

“ವಿಭಾಗದ ಕೆಲಸ ಅಲ್ವೇನಮ್ಮ. ಗೈಡ್ ಹೆಸರಲ್ಲೇ ಬರೋದು. ಮುನ್ನುಡಿಯಲ್ಲಿ ವಿದ್ಯಾರ್ಥಿಗಳಿಗೆಲ್ಲ ಕೃತಜ್ಞತೆ ಹೇಳಿದೀನಲ್ಲ.”

“ಪಟ್ಟಿಯಲ್ಲಿ ಒಂದು ಸಾಲು ಸಾರ್. ಅವಳ ಹೆಸರು, ಮುಂದೆ ಅಪ್ರಕಟಿತ ಅಂತ. ಅಷ್ಟೇ ಸಾಕು.”

“ಹಾಗಂತ ಹಾಕೋಕೆ ಆಧಾರ ಬೇಕಲ್ಲ” ಎಂದರು ಅವರು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. “ನೋಟ್‌ಬುಕ್ ಏನಾದ್ರೂ ಇವೆಯಾ ನಿಮ್ಮ ಹತ್ರ?”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಅಮ್ಮನನ್ನು ಕರೆತಂದು ನಿಲ್ಲಿಸಲೇ ಎಂದುಕೊಂಡಳು. ಬರೀ ಬಾಯಿಮಾತು ನಡೆಯುವುದಿಲ್ಲ ಎಂದು ತಾನೇ ಎಷ್ಟು ಜನರನ್ನು ವಾಪಸ್ ಕಳಿಸಿದ್ದಳೋ ಲೆಕ್ಕವಿಲ್ಲ. ಟೈಪಿಂಗ್ ಕೋಣೆಗೆ ಮರಳಿ ತಂಗಿಯ ಹೆಸರನ್ನು ಪಟ್ಟಿಗೆ ತಾನೇ ಸೇರಿಸಿದಳು. ಪಕ್ಕದಲ್ಲಿ ಟಿಕ್ಕು ಹಾಕಲು ಹೋದ ಕೈ ಹಿಂದೆ ಬಂತು. ಸುಳ್ಳು ಟಿಕ್ಕು ಹಾಕಿ ಆ ಕೈಗೆ ಅಭ್ಯಾಸವಿರಲಿಲ್ಲ.

ವಾರದಲ್ಲಿ ಪ್ರೂಫ್ ತಿರುಗಿ ಬಂತು. ತಂಗಿಯ ಹೆಸರಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಪ್ರೊಫೆಸರರ ಅಕ್ಷರ: ‘ಪಠ್ಯದಲ್ಲಿ ಇಲ್ಲ’. ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ಪದ ಓದಿ ಎಷ್ಟು ಜನರ ಹೊಟ್ಟೆ ಉರಿದಿತ್ತೋ, ಅಷ್ಟೂ ಉರಿ ಒಟ್ಟಿಗೆ ಅವಳ ಹೊಟ್ಟೆಗೆ ಬಿತ್ತು.

ಪುಸ್ತಕ ಅಚ್ಚಾಯಿತು. ಒಂದು ಭಾನುವಾರ ಬೆಳಿಗ್ಗೆ, ಬಚ್ಚಿಟ್ಟರೆ ಎಷ್ಟು ದಿನ ಎಂದು ಅದನ್ನು ಮನೆಗೆ ತಂದಳು. ಅಮ್ಮ ಕಿಟಕಿಯ ಬಳಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಪ್ರೊಫೆಸರ್ ಕೈ ಹಿಡಿದು ಹೇಳಿದ ಮಾತನ್ನು ನಂಬಿ ನಾಲ್ಕು ವರ್ಷದಿಂದ ಕಾದವಳು.

“ಬಂತೇನೇ?” ಎಂದು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು.

“ನಿನ್ನ ಮಾತೂ ಇದೆ ಕಣಮ್ಮ ಇದರಲ್ಲಿ. ನಾನು ಓದಿದೆ.” ಇನ್ನು ಮೇಲಾದರೂ ನಿದ್ದೆ ಮಾಡಮ್ಮ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ಅಮ್ಮ ಪುಸ್ತಕಕ್ಕೆ ಕೈಚಾಚಿದಳು.

“ನನ್ನದಿರ್ಲಿ ಬಿಡು. ಅವಳ ಹೆಸರು ತೋರ್ಸು.”

ಅಮ್ಮನಿಗೆ ಓದು ಬಾರದು. ಆದರೆ ಮಕ್ಕಳು ಶಾಲೆಗೆ ಹೋಗುವಾಗ ಇಬ್ಬರ ಚೀಲದ ಮೇಲೂ ನೀಲಿ ದಾರದಲ್ಲಿ ಅವರವರ ಹೆಸರು ಹೊಲಿದಿದ್ದಳು. ಆ ಎರಡು ಹೆಸರುಗಳು ಮಾತ್ರ, ಹೊಲಿಗೆ ಹೊಲಿಗೆಯಾಗಿ, ಅವಳ ಬೆರಳಿಗೆ ಗೊತ್ತು. ಇದನ್ನು ಟಿಕ್ಕಕ್ಕ ಮರೆತೇಬಿಟ್ಟಿದ್ದಳು.

“ಇದೆಯಮ್ಮ. ಇಲ್ಲೇ, ಪಟ್ಟಿಯಲ್ಲಿ” ಎಂದಳು. ಆಧಾರವಿಲ್ಲದೆ ಅವಳು ಆಡಿದ ಮೊದಲ ಮಾತು ಅದು.

ಅಮ್ಮ ಪುಸ್ತಕವನ್ನು ಮೆಷಿನ್ನಿನ ಮೇಲಿಟ್ಟು, ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಮೆಲ್ಲಗೆ ಸಾಲಿಂದ ಸಾಲಿಗೆ ಇಳಿಯಿತು. ಎರಡು ಕಡೆ ನಿಂತು, ಅಕ್ಷರ ನೋಡಿ, ಅಲ್ಲವೆಂದು ಮುಂದೆ ಹೋಯಿತು. ಪುಟ ಮುಗಿಯಿತು.

“ಇದರಲ್ಲಿಲ್ಲ ಕಣೇ” ಎಂದಳು ಅಮ್ಮ. “ಮುಂದಿನ ಹಾಳೆ ತಿರುಗ್ಸು.”

ಪಟ್ಟಿ ಹದಿನಾಲ್ಕು ಪುಟ ಇತ್ತು. ಅವಳು ಒಂದೊಂದಾಗಿ ತಿರುಗಿಸಿ ಕೊಡುತ್ತಾ ಹೋದಳು.