ವಿಭೂತಿಯಲ್ಲಿ ತಿಕ್ಕಿದ ಗಾಜು

ಜೆ.ಪಿ. ನಗರದ ಆಸ್ಪತ್ರೆಯೊಂದರಲ್ಲಿ ರೋಗಿಗಳನ್ನು ಗೇಟಿನಿಂದ ವಾರ್ಡಿಗೆ ಗಾಲ್ಫ್ ಕಾರ್ಟ್ ಎಂಬ ಪುಟ್ಟ ಬ್ಯಾಟರಿ ಗಾಡಿಯಲ್ಲಿ ಬಿಡುವುದು ನನ್ನ ಕೆಲಸವಾಗಿತ್ತು. ನೋವಿನಲ್ಲಿರುವವರು ಡ್ರೈವರನ್ನು ಮಾತಾಡಿಸುವುದಿಲ್ಲ, ನನ್ನ ಬಾಡಿಗೆ ರೂಮಿನಲ್ಲೂ ನಾನೊಬ್ಬನೇ. ದೇವರ ದೀಪಗಳನ್ನು ವಿಭೂತಿಯಲ್ಲಿ ತಿಕ್ಕಿ ಹೊಳೆಸುವ ರೂಢಿ ನನ್ನದು. ಗಾಡಿಯ ಮುಂದಿನ ಗಾಜನ್ನೂ ದಿನಾ ಹಾಗೇ ತಿಕ್ಕುತ್ತಿದ್ದೆ.

ಒಂದು ದಿನ ನೆಲ ಒರೆಸುವ ಅಕ್ಕ ನಿಂತು ಬೈದರು.

“ಅಯ್ಯೋ ಅಣ್ಣ, ಇದು ಗಾಜಲ್ಲ, ಪ್ಲಾಸ್ಟಿಕ್ಕು! ಪೂರ್ತಿ ಗೀರು ಬಿದ್ದಿದೆ ನೋಡಿ. ಮೊದ್ಲು ನೀರು ಸುರಿದು ಧೂಳು ಇಳಿಸಿ, ಆಮೇಲೆ ಸೋಪ್ ನೀರಲ್ಲಿ ಮೆತ್ತನೆ ಬಟ್ಟೆಯಿಂದ ಒರೆಸಿ.”

“ಈ ಗೀರು ಹೋಗುತ್ತಾ ಅಕ್ಕ?”

“ಹೋಗಲ್ಲ. ನಾಳೆ ಬಂದು ನೋಡ್ತೀನಿ, ಮತ್ತೆ ತಿಕ್ಕಿದ್ರೆ ಅಷ್ಟೇ!”

ನನ್ನನ್ನು ನೋಡಲು ಒಬ್ಬರು ಬರುತ್ತಾರೆ! ಗಾಡಿ ಕೆಡಿಸಿದ್ದಕ್ಕೆ ದೇವರಲ್ಲಿ ಕ್ಷಮೆ ಕೇಳಬೇಕಿತ್ತು. ಆದರೆ ಆ ಸಂಜೆ ಗೀರು ಬಿದ್ದದ್ದಕ್ಕೇ ಕೃತಜ್ಞತೆಯಿಂದ ಕೈ ಮುಗಿದುಬಿಟ್ಟೆ.