ಪಾಸ್‌ಪೋರ್ಟ್ ಬೇಡದ ಗ್ರೀಕ್ ದ್ವೀಪ

ಗೆಳತಿಯರೇ, ಅಕ್ಷರ ಓರೆ ಇದ್ದರೆ, ಒತ್ತು ತಪ್ಪಿದ್ದರೆ ಬೇಸರ ಮಾಡಬೇಡಿ. ನಾನು ಕಲಿತದ್ದು ನಾಲ್ಕನೆಯವರೆಗೆ. ಬಾಯಲ್ಲಿ ಹೇಳಲು ನಾಚಿಕೆ, ಅದಕ್ಕೆ ಬರೆದು ನಮ್ಮ ಬಿಲ್ಡಿಂಗಿನ ಮೆಟ್ಟಿಲ ಗೋಡೆಗೆ ಅಂಟಿಸಿದ್ದೇನೆ.

ಗ್ರೀಕ್ ದ್ವೀಪಕ್ಕೆ ರಜೆಗೆ ಹೋದವಳು ಸಂಜೆಗೇ ಹೇಗೆ ಬಂದಳು ಎಂದು ಕೇಳುತ್ತೀರಿ. ನನಗೆ ಮೊದಲೇ ಸಂಶಯ ಇತ್ತು. "ಪಾಸ್‌ಪೋರ್ಟ್ ಕೆಲಸ ಕೊಟ್ಟ ಕಫೀಲನ ಹತ್ತಿರ ಉಂಟಲ್ಲ?" ಎಂದರೆ ನಮ್ಮ ಮನೆಯವರು, "ಆ ದ್ವೀಪಕ್ಕೆ ಅದು ಬೇಡ ಮಾರಾಯ್ತಿ" ಎಂದಿದ್ದರು. ಇವತ್ತು ಬಸ್ಸು ವಿಮಾನ ನಿಲ್ದಾಣದ ಕಡೆ ತಿರುಗದೆ ಇಲ್ಲಿಯದೇ ಸಾಲ್ಮಿಯಾದ ಬೋಟಿನ ಧಕ್ಕೆಗೆ ಹೋಯಿತು. ಧೂಳಿನ ಗಾಳಿಗೆ ಬೋಟು ಮಧ್ಯಾಹ್ನದವರೆಗೆ ಹೊರಡಲಿಲ್ಲ. ನಾನು ಗ್ರೀಸಿನ ಚಳಿಗೆಂದು ಕೊಂಡ ಹೊಸ ಸ್ವೆಟರಿನೊಳಗೆ ಬೆವರುತ್ತಾ ಕೂತೆ. ಕೊನೆಗೆ ಇಳಿದದ್ದು ಕುವೈತಿನದೇ ಫೈಲಕಾ ದ್ವೀಪದಲ್ಲಿ.

ಬೇಲಿಯಾಚೆಯ ಕಲ್ಲಿನ ರಾಶಿ ತೋರಿಸಿ ಇವರು, "ನೋಡು, ಗ್ರೀಕರ ದೇವಸ್ಥಾನ. ನಾನೆಲ್ಲಿ ಸುಳ್ಳು ಹೇಳಿದೆ?" ಎಂದರು.

"ಗ್ರೀಕರೆಲ್ಲಿ?"

"ಅವರು ಹೋಗಿ ಎರಡು ಸಾವಿರ ವರ್ಷ ಆಯಿತು."

"ಅವರ ಪಾಸ್‌ಪೋರ್ಟ್ ಅವರ ಕೈಯಲ್ಲೇ ಇತ್ತು ಕಾಣುತ್ತದೆ" ಎಂದೆ. ಸಂಜೆಯ ಬೋಟಿಗೆ ವಾಪಸು ಬಂದೆವು.

ಬೆಳಿಗ್ಗೆ ಹೊರಡುವಾಗ ಫ್ರಿಜ್ ಬಂದ್ ಮಾಡಿ, ಇದ್ದ ಮೊಸರು, ಮೀನು ಸಾರು ಎಲ್ಲ ನಿಮಗೆ ಹಂಚಿದ್ದೆನಲ್ಲ. ಉಳಿದಿದ್ದರೆ ಸ್ವಲ್ಪ ಕೊಡಿ.