ಒಡ್ಡಿನ ಆಚೆಯ ಗಿಡ

ನಮ್ಮ ಲ್ಯಾಬಿಗೆ ಡಿಎನ್‌ಎ ಹೋಲಿಸಿ ನೋಡುವ ಮೂರು ತಂತ್ರಾಂಶಗಳು ಪರೀಕ್ಷೆಗೆ ಬಂದಿದ್ದವು. ಒಂದನ್ನು ಆರಿಸಬೇಕಾದವನು ನಾನು. ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಕೊಟ್ಟು ನೋಡೋಣವೆಂದು ಬ್ಯಾಡಗಿ ಹತ್ತಿರ, ಡಬ್ಬಿ ಮತ್ತು ಕಡ್ಡಿ ಎಂಬ ಎರಡು ತಳಿಯ ಮೆಣಸಿನಕಾಯಿ ಬೆಳೆಯುವ ಶಾಂತವ್ವನ ಹೊಲಕ್ಕೆ ಹೋದೆ.

"ಒಡ್ಡಿನ ಈಚೆ ಡಬ್ಬಿ, ಆಚೆ ಕಡ್ಡಿ ಹಚ್ಚೇನ್ರಿ. ಕಾಯಿ ಬಿಟ್ಟ ಮ್ಯಾಲೆ ಬರ್ರಿ ಸಾಹೇಬ್ರ, ಕಣ್ಣಿಗೇ ಕಾಣತೈತಿ," ಅಂದಳು.

"ನಮಗ ಎಲೆ ಸಾಕವ್ವ," ಎಂದು ದೊಡ್ಡಸ್ತಿಕೆ ತೋರಿಸಿ, ಎರಡೂ ಕಡೆಯ ಎಲೆ ಹರಿದುಕೊಂಡು ಬಂದೆ.

ಎರಡು ತಂತ್ರಾಂಶಗಳು ಅವು ಬೇರೆ ಬೇರೆ ತಳಿ ಎಂದವು. ಮೂರನೆಯದು ಎರಡೂ ಒಂದೇ ಎಂದಿತು. 'ಭೇದ ಗುರುತಿಸುವ ಯೋಗ್ಯತೆ ಇಲ್ಲ' ಎಂದು ಷರಾ ಬರೆದು ಅದರ ಸೀಡಿ ವಾಪಸ್ ಕಳಿಸಿದೆ. ಉಳಿದೆರಡರಲ್ಲಿ ಪರದೆಯ ಬಣ್ಣ ಚೆಂದ ಇದ್ದದ್ದನ್ನು ಕೊಂಡೆವು.

ಕಾಯಿ ಕೆಂಪಾದಾಗ ಮತ್ತೆ ಹೋದೆ. ನಾನು ಎಲೆ ಹರಿದಿದ್ದ ಎರಡೂ ಜಾಗದಲ್ಲಿ ಗಿಡ್ಡನೆಯ, ದಪ್ಪನೆಯ ಡಬ್ಬಿಯೇ ತೂಗುತ್ತಿತ್ತು.

"ಕಡ್ಡಿ ಎಲ್ಲೈತವ್ವ?"

"ಒಡ್ಡಿನ ಆಚೆ ಐತ್ರಿ. ಆವತ್ತ ನೀವು ದಾಟಿದ್ದು ಒಡ್ಡಲ್ಲ, ನೀರಿನ ಕಾಲಿವಿ. ಓದಿದವರು, ಏನರ ಬ್ಯಾರೆ ವಿಚಾರ ಇರಬೇಕಂತ ಸುಮ್ನಿದ್ದೆ."

ಆ ಷರಾದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ ಬರೆಯಬೇಕಿತ್ತು, ಅಷ್ಟೆ.